ವೆಲ್ಲೆಸ್ಲಿ, ವೆಲ್ಲಿಂಗ್ಟನ್, ಆರ್ಥರ್: ಹೆಸರುಗಳ ಗಂಟು ಬಿಡಿಸೋಣ

ಮೈಸೂರು ಇತಿಹಾಸ ಓದುವಾಗ ವೆಲ್ಲೆಸ್ಲಿ ಅನ್ನೋ ಹೆಸರು ನನ್ನನ್ನು ತುಂಬಾ ದಿನ ಕಾಡಿತ್ತು. ಒಂದು ಕಡೆ ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿ. ಇನ್ನೊಂದು ಕಡೆ ಶ್ರೀರಂಗಪಟ್ಟಣದ ಕರ್ನಲ್ ವೆಲ್ಲೆಸ್ಲಿ. ಇಬ್ಬರೂ ಒಬ್ಬರೇ ಅಂದುಕೊಂಡಿದ್ದೆ. ಅಲ್ಲ, ಅಣ್ಣತಮ್ಮಂದಿರು. ಅಣ್ಣ ರಿಚರ್ಡ್, ತಮ್ಮ ಆರ್ಥರ್. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಪಟ್ಟಣದ ಉಸ್ತುವಾರಿ ಸಿಕ್ಕಿದ್ದು ತಮ್ಮನಿಗೆ.

ತಮಾಷೆ ಅಂದ್ರೆ, ಯುದ್ಧದ ಹೊತ್ತಿಗೆ ಅಣ್ಣನನ್ನು ಕರೆಯುತ್ತಿದ್ದದ್ದು ಲಾರ್ಡ್ ಮಾರ್ನಿಂಗ್ಟನ್ ಅಂತ. ಅದು ಅಪ್ಪನಿಂದ ಬಂದ ಬಿರುದು. ಬಿರುದು ಹಿರಿಮಗನಿಗೆ ಮಾತ್ರ, ಕಿರಿಯರಿಗೆ ಮನೆತನದ ಹೆಸರಷ್ಟೇ. ಗೆದ್ದ ಮೇಲೆ, ಅದೇ ವರ್ಷದ ಕೊನೆಗೆ, ಅವನು ಮಾರ್ಕ್ವೆಸ್ ವೆಲ್ಲೆಸ್ಲಿ ಆದ.

ಆ ಮನೆತನದ ಹೆಸರಾದರೂ ಗಟ್ಟಿಯೇ? ಅದೂ ಇಲ್ಲ. ಇವರ ತಾತನ ಮನೆಹೆಸರು ಹುಟ್ಟಿನಿಂದ ಕಾಲಿ (Colley). ನೆಂಟನೊಬ್ಬನ ಆಸ್ತಿ ಬಂತು, ಜೊತೆಗೆ ಅವನ ವೆಸ್ಲಿ ಅನ್ನೋ ಹೆಸರೂ ಬಂತು. ಮೊಮ್ಮಕ್ಕಳ ಕಾಲಕ್ಕೆ ವೆಸ್ಲಿ ವೆಲ್ಲೆಸ್ಲಿ ಆಯಿತು. ಆರ್ಥರ್ ಹಾಗೆ ಸಹಿ ಹಾಕತೊಡಗಿದ್ದು 1798ರಲ್ಲಿ. 1809ರಲ್ಲಿ ಅವನಿಗೂ ಬಿರುದು ಬಂದಾಗ ಅವನು ಸ್ಪೇನಿನ ಯುದ್ಧದಲ್ಲಿದ್ದ. ಇನ್ನೊಬ್ಬ ಅಣ್ಣ ವಿಲಿಯಂ ಹುಡುಕಿ ಹುಡುಕಿ ಸಾಮರ್‌ಸೆಟ್‌ನ ವೆಲ್ಲಿಂಗ್ಟನ್ ಅನ್ನೋ ಊರನ್ನು ಆರಿಸಿದ. ಕಾರಣ ಇಷ್ಟೇ: ಕೇಳೋಕೆ ವೆಲ್ಲೆಸ್ಲಿ ಥರಾನೇ ಇತ್ತು!

ಪರೀಕ್ಷೆಗೆ ಓದುವವರಿಗೆ ಒಂದು ಸುಳಿವು. ಲಾರ್ಡ್ ಅನ್ನೋ ಪದದ ಪಕ್ಕದಲ್ಲೇ ಸ್ವಂತ ಹೆಸರು ಬಂದರೆ ಅವನು ಡ್ಯೂಕ್ ಅಥವಾ ಮಾರ್ಕ್ವೆಸ್ ಒಬ್ಬನ ಕಿರಿಮಗ. ಲಾರ್ಡ್ ವಿಲಿಯಂ ಬೆಂಟಿಂಕ್ ಹಾಗೆಯೇ. 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡವನು ಪೋರ್ಟ್‌ಲೆಂಡ್ ಡ್ಯೂಕನ ಎರಡನೇ ಮಗ. ಲಾರ್ಡ್ ಡಾಲ್‌ಹೌಸಿ ಅಂದಾಗ ಮಾತ್ರ ಅದು ಬಿರುದು. ಅವನ ಮನೆಹೆಸರು ರಾಮ್ಸೆ.

ಈಗ ಆರ್ಥರ್ ಅನ್ನೋ ಹೆಸರಿನ ಬೆನ್ನು ಹಿಡಿದು ಇಂಗ್ಲೆಂಡಿನ ಅರಮನೆಗೆ ಬರೋಣ. ಎಂಟನೇ ಹೆನ್ರಿಯ ಅಣ್ಣ ಆರ್ಥರ್ 1502ರಲ್ಲಿ ಚಿಕ್ಕವಯಸ್ಸಿಗೇ ತೀರಿಕೊಂಡ. ಆಮೇಲೆ ಇಂಗ್ಲೆಂಡಿನ ಅರಮನೆಯಲ್ಲಿ ಆ ಹೆಸರು ಹೆಚ್ಚುಕಡಿಮೆ ಮರೆತೇಹೋಗಿತ್ತು. 1850ರ ಮೇ 1ರಂದು ವಿಕ್ಟೋರಿಯಾ ರಾಣಿಗೆ ಮೂರನೇ ಗಂಡುಮಗು ಹುಟ್ಟಿತು. ಅಷ್ಟೊತ್ತಿಗೆ ವೆಲ್ಲಿಂಗ್ಟನ್‌ನ ಡ್ಯೂಕ್ ಆಗಿದ್ದ ನಮ್ಮ ಆರ್ಥರ್ ವೆಲ್ಲೆಸ್ಲಿಗೆ ಅವತ್ತೇ 81 ತುಂಬಿತ್ತು. ಮಗುವಿಗೆ ಆರ್ಥರ್ ಅಂತ ಹೆಸರಿಟ್ಟರು, ಮುದುಕನೇ ಗಾಡ್‌ಫಾದರ್ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವನು) ಆದ. ವಿಂಟರ್‌ಹಾಲ್ಟರ್ ಬರೆದ ಚಿತ್ರವೊಂದಿದೆ. ಬಿಳಿಗೂದಲಿನ ಡ್ಯೂಕ್ ಮಂಡಿಯೂರಿ ಪೆಟ್ಟಿಗೆಯೊಂದನ್ನು ನೀಡುತ್ತಿದ್ದಾನೆ. ಅಮ್ಮನ ತೋಳಿನಲ್ಲಿರುವ ಮಗು ಅವನತ್ತ ಹೂವಿನ ಕಡ್ಡಿ ಚಾಚಿದೆ.

ಈ ಮಗುವೇ ಮುಂದೆ ಕನಾಟ್‌ನ ಡ್ಯೂಕ್. 1895ರ ಡಿಸೆಂಬರ್ 14ರಂದು ಹುಟ್ಟಿದ ಅಣ್ಣನ ಮೊಮ್ಮಗನಿಗೆ ಅವನೂ ಗಾಡ್‌ಫಾದರ್ ಆದ. ವಿಕ್ಟೋರಿಯಾಳ ಗಂಡ ಆಲ್ಬರ್ಟ್ 1861ರಲ್ಲಿ ತೀರಿಕೊಂಡ ತಾರೀಕೂ ಅದೇ. ಮುತ್ತಜ್ಜಿ ಬೇಜಾರು ಮಾಡಿಕೊಳ್ಳಬಾರದು ಅಲ್ವಾ? ಹಾಗಾಗಿ ಮೊದಲ ಹೆಸರು ಆಲ್ಬರ್ಟ್. ಪೂರ್ತಿ ಹೆಸರು ಆಲ್ಬರ್ಟ್ ಫ್ರೆಡೆರಿಕ್ ಆರ್ಥರ್ ಜಾರ್ಜ್. 1936ರಲ್ಲಿ ಪಟ್ಟಕ್ಕೆ ಬಂದಾಗ ಅವನು ಆಲ್ಬರ್ಟ್ ಬಿಟ್ಟು ಆರನೇ ಜಾರ್ಜ್ ಆದ.

ಆಲ್ಬರ್ಟ್ ಹಿಂದೆ ಸರಿಯಿತು, ಆರ್ಥರ್ ಸದ್ದಿಲ್ಲದೆ ನಡುವೆ ಉಳಿದುಕೊಂಡಿತು. ಆರನೇ ಜಾರ್ಜ್‌ನ ಮೊಮ್ಮಗ, ಚಾರ್ಲ್ಸ್ ಫಿಲಿಪ್ ಆರ್ಥರ್ ಜಾರ್ಜ್. ಚಾರ್ಲ್ಸ್‌ನ ಮಗ, ವಿಲಿಯಂ ಆರ್ಥರ್ ಫಿಲಿಪ್ ಲೂಯಿ. 2018ರಲ್ಲಿ ಹುಟ್ಟಿದ ವಿಲಿಯಂನ ಹುಡುಗ, ಲೂಯಿ ಆರ್ಥರ್ ಚಾರ್ಲ್ಸ್.