ಫೇಕ್ ಅಲ್ಲ ಸರ್, ನಾನೇ ತೆಗೆದ ವಿಡಿಯೋ

ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತನಾದ ಮೇಲೆ ಕಾಲೇಜು, ಆಫೀಸುಗಳಲ್ಲಿ ಹೈಬ್ರಿಡ್ ಯುದ್ಧದ (ಗಡಿಯ ಗುಂಡಿನ ಜೊತೆ ಫೋನು, ನೆಟ್ಟುಗಳಲ್ಲೂ ನಡೆಯುವ ಯುದ್ಧ) ಬಗ್ಗೆ ಮಾತಾಡಲು ನನ್ನನ್ನು ಕರೆಯುತ್ತಾರೆ. ಡ್ರೋನು, ಸೈಬರ್ ದಾಳಿ, ಸುಳ್ಳು ಸುದ್ದಿ ಇವೆಲ್ಲ ಈಗ ಎಲ್ಲರಿಗೂ ಗೊತ್ತು, ಇಲ್ಲಿ ಮತ್ತೆ ಕೊರೆಯಲ್ಲ. ನನ್ನ ತಲೆ ಕೆಡಿಸುವುದು ಒಂದೇ ಮಾತು: "ನಾನು ಫೇಕ್ ಹಾಕಲ್ಲ ಸರ್, ನಿಜ ಇದ್ರೆ ಮಾತ್ರ ಫಾರ್ವರ್ಡ್ ಮಾಡ್ತೀನಿ."

ನಿಜ ಇರುವುದೇ ತೊಂದರೆ ಕಣ್ರೀ.

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರ ನಡೆಯುತ್ತಿದ್ದ ದಿನಗಳಲ್ಲೇ, ಒಂದು ಕಾರ್ಯಕ್ರಮ ಮುಗಿಸಿ ಕಾಫಿ ಕುಡಿಯುತ್ತಿದ್ದೆ. ಹಿರಿಯರೊಬ್ಬರು ಫೋನ್ ಹಿಡಿದು ಬಂದರು. ಗೂಡ್ಸ್ ರೈಲಿನ ಮೇಲೆ ಟಾರ್ಪಾಲಿನ್ ಹೊದಿಸಿದ ಟ್ಯಾಂಕುಗಳ ಸಾಲು. "ಫೇಕ್ ಅಲ್ಲ ಸರ್, ನಾನೇ ತೆಗೆದದ್ದು. ನಮ್ಮ ಹುಡುಗರನ್ನ ನೋಡಿ ಕಣ್ಣು ತುಂಬಿ ಬಂತು." ಮೂರು ಗ್ರೂಪಿಗೆ ಹಾಕಿದ್ದರಂತೆ. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ಬೈಯಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೋವನ್ನು ನಿಧಾನವಾಗಿ ಓಡಿಸಿದೆ.

ಹಿಂದೆ ಸ್ಟೇಷನ್ನಿನ ಹಳದಿ ಬೋರ್ಡು. ಮೂರು ಭಾಷೆಯಲ್ಲಿ ಊರಿನ ಹೆಸರು, ಸಾಲದ್ದಕ್ಕೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನೋದೂ ಇದೆ! ಹಿನ್ನೆಲೆಯಲ್ಲಿ ಯಾವುದೋ ಎಕ್ಸ್‌ಪ್ರೆಸ್ ಬರುತ್ತಿದೆ ಅಂತ ಅನೌನ್ಸ್‌ಮೆಂಟ್, ಅಲ್ಲಿಗೆ ಸಮಯ ಸಿಕ್ಕಿತು. ವ್ಯಾಗನ್ ಎಣಿಸಬಹುದು. ಟಾರ್ಪಾಲಿನ್ ಕೆಳಗೆ ಚಕ್ರಗಳು ಕಾಣುತ್ತವೆ, ಗೊತ್ತಿದ್ದವನಿಗೆ ಅಷ್ಟೇ ಸಾಕು, ಯಾವ ಟ್ಯಾಂಕ್ ಅಂತ ಹೇಳಿಬಿಡುತ್ತಾನೆ. ಎಂಜಿನ್ ಯಾವ ಕಡೆಗಿದೆ ಅನ್ನೋದರಿಂದ ಹೊರಟ ದಿಕ್ಕೂ ತಿಳಿಯಿತು. ಇಷ್ಟು ಹೇಳುವಷ್ಟರಲ್ಲಿ ಅವರ ಕಾಫಿ ಆರಿಹೋಗಿತ್ತು.

ಸನ್ನದ್ಧತೆ ಅಂದರೆ ನಮ್ಮ ಹತ್ತಿರ ಎಷ್ಟು ವಿಮಾನ, ಅವರ ಹತ್ತಿರ ಎಷ್ಟು ಅಂತ ಕೂಡಿ ಕಳೆಯುವುದಲ್ಲ. ಎಷ್ಟು ಬೇಗ, ಎಷ್ಟು ಸದ್ದಿಲ್ಲದೆ ಸೈನ್ಯ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತದೆ ಅನ್ನೋದು ಅದರಲ್ಲಿ ದೊಡ್ಡ ಪಾಲು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ನಮ್ಮ ದೊಡ್ಡ ಪಡೆಗಳು ಗಡಿ ಮುಟ್ಟಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಎದುರಿನವರೂ ಸಿದ್ಧರಾಗಿದ್ದರು. ಆ ವೇಗ ಹೆಚ್ಚಿಸಲು ಆಮೇಲಿನ ವರ್ಷಗಳಲ್ಲಿ ಬೆವರು ಸುರಿಸಿದ್ದಾರೆ. ಅಲ್ಲಿ ಗಳಿಸಿದ್ದನ್ನು ನಾವು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಳೆಯುತ್ತೇವೆ.

ಇನ್ನೊಂದು ಬಗೆ ಬಾಲ್ಕನಿ ವಿಡಿಯೋ. ಅದೇ ಮೇ 8-9ರ ರಾತ್ರಿ ಪಾಕಿಸ್ತಾನದಿಂದ 36 ಕಡೆ 300ರಿಂದ 400 ಡ್ರೋನ್ ಬಂದವು ಅಂತ ನಮ್ಮ ಸರ್ಕಾರವೇ ಹೇಳಿತು. ನಮ್ಮ ವಾಯುರಕ್ಷಣೆಯನ್ನು ಪರೀಕ್ಷಿಸಿ ಮಾಹಿತಿ ತೆಗೆಯಲು ಬಂದಿರಬಹುದು ಅಂತಲೂ ಹೇಳಿತು. ಅಂದರೆ ಅಂಥ ಡ್ರೋನ್ ಏನನ್ನೂ ಹೊಡೆಯಬೇಕಾಗಿಲ್ಲ, ನಮ್ಮ ಗನ್ ಬಾಯಿ ಬಿಟ್ಟರೆ ಅದರ ಕೆಲಸ ಆಯಿತು. ಆಗ ಒಬ್ಬರು ಬಾಲ್ಕನಿಯಿಂದ ಶೂಟ್ ಮಾಡುತ್ತಾರೆ, ಮತ್ತೊಬ್ಬರು ಬೇರೆ ಬೀದಿಯ ಟೆರೇಸಿನಿಂದ. ಇಲ್ಲಿಂದೊಂದು ಗೆರೆ, ಅಲ್ಲಿಂದೊಂದು ಗೆರೆ, ಎರಡೂ ಕೂಡುವ ಕಡೆ ಗನ್ ಇದೆ. ಒಂದೇ ವಿಡಿಯೋ ಇದ್ದರೂ ಬೆಳಕು ಕಂಡ ಮೂರು ಸೆಕೆಂಡಿಗೆ ಸದ್ದು ಕೇಳಿದರೆ ಸುಮಾರು ಒಂದು ಕಿಲೋಮೀಟರ್ ದೂರ. ಶಾಲೆಯ ಹುಡುಗರ ಲೆಕ್ಕ ಇದು. ಡ್ರೋನ್ ಬಿದ್ದ ಜಾಗದ ಫೋಟೋವೂ ಅಷ್ಟೇ. ಗುರಿ ಎಷ್ಟು ತಪ್ಪಿತು ಅಂತ ಕಳಿಸಿದವನಿಗೆ ಪುಕ್ಕಟೆ ವರದಿ.

ಇದೇನು ಹೊಸ ಪಾಠವಲ್ಲ. 26/11ರಲ್ಲಿ ಮುಂಬೈಯ ದಾಳಿಕೋರರಿಗೆ ಪಾಕಿಸ್ತಾನದಲ್ಲಿ ಕೂತವರು ಟಿವಿ ನೇರಪ್ರಸಾರ ನೋಡಿಕೊಂಡೇ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್ಲುಗಳನ್ನು ಕಟುವಾಗಿಯೇ ಟೀಕಿಸಿತು. ಆಗ ಚಾನೆಲ್ಲು ಬೆರಳೆಣಿಕೆಯಷ್ಟು, ಈಗ ಎಲ್ಲರ ಜೇಬಿನಲ್ಲೂ ಒಂದಿದೆ. ಸೈನ್ಯದ ಓಡಾಟವನ್ನು ನೇರಪ್ರಸಾರ ಮಾಡಬೇಡಿ ಅಂತ 2025ರ ಮೇ 9ರಂದು ರಕ್ಷಣಾ ಸಚಿವಾಲಯ ಕೊಟ್ಟ ಸೂಚನೆಯಲ್ಲಿ ಚಾನೆಲ್ಲುಗಳ ಜೊತೆ ಜನಸಾಮಾನ್ಯರನ್ನೂ ಸೇರಿಸಿದ್ದು ಸುಮ್ನೆ ಅಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೆದರಿಸಿದ ಹಾಗಾಗುತ್ತದೆ. ನೀವು ಹಾಕಿದ ಒಂದು ವಿಡಿಯೋದಿಂದ ಬಹುಪಾಲು ಏನೂ ಆಗುವುದಿಲ್ಲ. ಉಪಗ್ರಹ ಚಿತ್ರಗಳೂ ಇವೆ, ಎದುರಿನವರು ಬರೀ ವಾಟ್ಸಾಪ್ ನಂಬಿ ಕೂತಿಲ್ಲ. ಆದರೆ ಯಾವ ಚೂರು ಯಾವ ಚಿತ್ರದ ಮೂಲೆಗೆ ಸರಿಯಾಗಿ ಕೂರುತ್ತದೆ ಅಂತ ಕಳಿಸಿದ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ, ಅಲ್ವಾ?

ಆ ಹಿರಿಯರು ಕೇಳಿದರು, "ಡಿಲೀಟ್ ಮಾಡ್ಲಾ ಸರ್? ನನ್ನ ಫೋನಲ್ಲಿ ಇಟ್ಕೋಬಹುದಾ?" ಫೋನಲ್ಲಿ ಇರಲಿ, ಗ್ರೂಪಿಂದ ತೆಗೀರಿ ಅಂದೆ. ಪಾಪ, ಕನ್ನಡಕ ಸರಿಮಾಡಿಕೊಂಡು ಮೂರೂ ಗ್ರೂಪಿನಿಂದ ತೆಗೆದರು. ನಾನು ಹೊರಡಲು ಎದ್ದಾಗ ಅವರ ಫೋನ್ ಮತ್ತೆ ಸದ್ದು ಮಾಡಿತು. ಯಾವುದೋ ನೆಂಟರ ಗ್ರೂಪಿನಿಂದ ಅದೇ ರೈಲು ವಾಪಸ್ ಬಂದಿತ್ತು, ಕೆಳಗೆ "ಟ್ಯಾಂಕುಗಳು ಗಡಿ ದಾಟಿದವು, ಎಲ್ಲರಿಗೂ ಕಳಿಸಿ" ಅಂತ ಬರೆದಿತ್ತು. ಹಳದಿ ಬೋರ್ಡು ಮಾತ್ರ ಹಾಗೇ ಇತ್ತು.