ಮಾಲ್ ಬಂದರೆ ಏರಿಯಾ ಉದ್ಧಾರ ಆಗುತ್ತಾ?

ಪ್ರಶ್ನೆ: ನಮ್ಮ ಏರಿಯಾ ಕೆಲವು ವರ್ಷಗಳಿಂದ ಕಳೆಗುಂದಿದೆ. ಅರ್ಧ ಅಂಗಡಿಗಳು ಮುಚ್ಚಿವೆ. ಈಗ ಇಲ್ಲೊಂದು ದೊಡ್ಡ ಕಮರ್ಷಿಯಲ್ ಕಾಂಪ್ಲೆಕ್ಸ್ ಬರುತ್ತಿದೆಯಂತೆ. ಅದು ಬಂದ ಮೇಲೆ ಏರಿಯಾ ಮತ್ತೆ ಚಿಗುರುತ್ತದೆ, ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಒಮ್ಮೆ ಕಾಂಪ್ಲೆಕ್ಸ್ ಬದಲು ಆಫೀಸ್ ಪಾರ್ಕ್ ಇರುತ್ತದೆ, ಇನ್ನೊಮ್ಮೆ ಹೋಟೆಲ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಕೊನೆಯಲ್ಲಿ ಆ 'ಅಲ್ವಾ' ಮಾತ್ರ ತಪ್ಪುವುದಿಲ್ಲ. ಉತ್ತರ ಮೊದಲೇ ಗೊತ್ತಿದೆ, ನಾನು ಹೂಂ ಅಂದರೆ ಸಾಕು ಅನ್ನುವ ಹಾಗೆ. ಈ ಸಲ ಉದ್ದವಾಗಿಯೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕೈಗಿಟ್ಟು ಸುಮ್ಮನಾಗಬಹುದು.

ಚಿಕ್ಕ ಉತ್ತರ: ಚಿಗುರಬಹುದು. ಪಾಳುಬಿದ್ದ ಜಾಗದಲ್ಲಿ ಒಳ್ಳೆಯ ಕಟ್ಟಡ ಎದ್ದರೆ ಕೆಲಸ ಹುಟ್ಟುತ್ತದೆ, ಸ್ಥಳೀಯ ಆಡಳಿತಕ್ಕೆ ತೆರಿಗೆ ಬರುತ್ತದೆ, ಬೀದಿದೀಪ ಉರಿಯುತ್ತದೆ, ರಾತ್ರಿ ಒಬ್ಬರೇ ನಡೆದು ಹೋಗಲು ಭಯ ಆಗುವುದಿಲ್ಲ. ಇದೆಲ್ಲ ನಿಮಗೂ ಗೊತ್ತು, ಬಿಡಿಸಿ ಹೇಳುತ್ತ ಕೂರುವುದಿಲ್ಲ. ನನ್ನ ತಕರಾರು ಇರುವುದು ಪ್ರಶ್ನೆಯೊಳಗೆ ಬೆಚ್ಚಗೆ ಕೂತಿರುವ ಒಂದು ನಂಬಿಕೆಯ ಮೇಲೆ: ದೊಡ್ಡ ಬಿಲ್ಡಿಂಗ್ ಒಂದು ಬಂದರೆ ಸುತ್ತಲಿನದೆಲ್ಲ ತಾನಾಗಿಯೇ ಮೇಲೇಳುತ್ತದೆ.

ಏಳುವುದಿಲ್ಲ. ಆಳೆತ್ತರದ ಪುರಾವೆಗಳು ಬಿದ್ದಿವೆ, ಆದರೂ ಈ ನಂಬಿಕೆ ಹೋಗುತ್ತಿಲ್ಲ.

ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರವನ್ನೇ ತೆಗೆದುಕೊಳ್ಳಿ. ಜನರಲ್ ಮೋಟಾರ್ಸ್ ಹುಟ್ಟಿದ ಊರು ಅದು. ಕಾರ್ಖಾನೆಗಳ ಕೆಲಸ ಕರಗತೊಡಗಿದಾಗ ಊರಿನ ನಡುಭಾಗವನ್ನು ಮತ್ತೆ ಎಬ್ಬಿಸಲು ಒಂದು ದೊಡ್ಡ ಹೋಟೆಲ್, ಒಂದು ಶಾಪಿಂಗ್ ಕಟ್ಟಡ, ಜೊತೆಗೆ ಆಟೋವರ್ಲ್ಡ್ ಎಂಬ ಭಾರಿ ಒಳಾಂಗಣ ಥೀಮ್ ಪಾರ್ಕ್ ಕಟ್ಟಿದರು. ಆಟೋವರ್ಲ್ಡ್ ಬಾಗಿಲು ತೆರೆದದ್ದು 1984ರ ಜುಲೈನಲ್ಲಿ. ಸುಮಾರು ಆರು ತಿಂಗಳಲ್ಲಿ ಮುಚ್ಚಿತು. ಆಮೇಲೆ ಆಗಾಗ ತೆರೆದು ನೋಡಿದರು, ಆಗಲಿಲ್ಲ. 1997ರಲ್ಲಿ ಕೆಡವಿಯೇ ಬಿಟ್ಟರು. ಟಿಕೆಟ್ ಕೊಂಡು ನೋಡುವ ಜಾಗಕ್ಕೆ ಊರಿನವರು ಒಮ್ಮೆ ಹೋಗುತ್ತಾರೆ, ನೆಂಟರು ಬಂದಾಗ ಇನ್ನೊಮ್ಮೆ ಹೋಗುತ್ತಾರೆ. ಮಿಕ್ಕ ದಿನಗಳಲ್ಲಿ ಅಲ್ಲಿ ಅವರಿಗೇನು ಕೆಲಸ? ಒಂದು ಬೀದಿ ಬದುಕುವುದು ದಿನಾ ಬರುವವರಿಂದ. ಚಪ್ಪಲಿ ಹೊಲಿಸಲು, ಔಷಧಿ ಕೊಳ್ಳಲು, ಕೂದಲು ಕತ್ತರಿಸಿಕೊಳ್ಳಲು ಬರುವವರಿಂದ.

ಇನ್ನು ದುಡ್ಡಿನ ವಿಷಯ. ಮಾಲ್ ಬಂತು ಅಂತ ನಿಮ್ಮ ಸಂಬಳ ಏರುತ್ತದಾ? ಇಲ್ಲ ತಾನೇ. ನಿನ್ನೆ ಬೀದಿಯ ಅಂಗಡಿಗೆ ಕೊಟ್ಟ ದುಡ್ಡನ್ನೇ ಇವತ್ತು ಮಾಲಿನೊಳಗಿನ ಅಂಗಡಿಗೆ ಕೊಡುತ್ತೀರಿ. ಆ ಜೇಬಿನ ದುಡ್ಡು ಈ ಜೇಬಿಗೆ. ಬೀದಿಯ ಅಂಗಡಿಯವನು ತನ್ನ ಲಾಭವನ್ನು ಬಹುಮಟ್ಟಿಗೆ ಅಲ್ಲೇ ಸುತ್ತಮುತ್ತ ಖರ್ಚು ಮಾಡುತ್ತಾನೆ. ದೊಡ್ಡ ಚೈನ್ ಅಂಗಡಿಯ ಲಾಭ ಮುಖ್ಯ ಕಚೇರಿ ಇರುವ ಊರಿಗೆ ಹೋಗುತ್ತದೆ. ಹೊಸ ದುಡ್ಡು ಅನ್ನುವುದು ಬರುವ ದಾರಿ ಎರಡೇ. ಹೊರಗಿನವರು ಬಂದು ಖರ್ಚು ಮಾಡಬೇಕು, ಇಲ್ಲವೇ ಇಲ್ಲಿಯವರು ದೂರ ಹೋಗಿ ಮಾಡುತ್ತಿದ್ದ ಖರ್ಚು ಇಲ್ಲೇ ಉಳಿಯಬೇಕು. ನಿಮ್ಮ ಕಾಂಪ್ಲೆಕ್ಸ್ ಇವೆರಡರಲ್ಲಿ ಯಾವುದನ್ನು ಮಾಡುತ್ತದೆ ಅಂತ ಡೆವಲಪರ್‌ನನ್ನು ಕೇಳಿ ನೋಡಿ. ಉತ್ತರ ಇದ್ದರೆ ತಕ್ಷಣ ಹೇಳುತ್ತಾರೆ. ಇಲ್ಲದಿದ್ದರೆ ಬಣ್ಣದ ಕರಪತ್ರ ಕೊಡುತ್ತಾರೆ.

ಮಾಲ್ ಅನ್ನೋದನ್ನು ಹುಟ್ಟುಹಾಕಿದ ಮನುಷ್ಯನೇ ಏನಂದ ಗೊತ್ತಾ? ವಿಕ್ಟರ್ ಗ್ರೂಯೆನ್, ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ. ಪೂರ್ತಿ ಮುಚ್ಚಿದ, ಒಳಗೆ ಹವೆ ಹದಮಾಡಿದ ಮೊದಲ ದೊಡ್ಡ ಮಾಲ್, ಮಿನಿಯಾಪೊಲಿಸ್ ಹತ್ತಿರದ ಸೌತ್‌ಡೇಲ್, 1956ರಲ್ಲಿ ತೆರೆದದ್ದು ಅವರ ನಕ್ಷೆಯಲ್ಲಿ. ಆದರೆ ಅವರ ಮೂಲ ಯೋಜನೆಯಲ್ಲಿ ಮಾಲ್ ಒಂದೇ ಇರಲಿಲ್ಲ. ಸುತ್ತ ಮನೆಗಳು, ಶಾಲೆ, ಆಸ್ಪತ್ರೆ, ಪಾರ್ಕು ಎಲ್ಲ ಇದ್ದವು. ಒಂದು ಊರಿನ ನಡುಮನೆ ಕಟ್ಟುತ್ತಿದ್ದೇನೆ ಅಂದುಕೊಂಡಿದ್ದರು. ಕಟ್ಟಿದವರು ಲಾಭ ಬರುವ ತುಂಡನ್ನು ಕಟ್ಟಿದರು, ಮಿಕ್ಕಿದ್ದನ್ನು ಕಾಗದದಲ್ಲೇ ಬಿಟ್ಟರು, ಸುತ್ತ ಪಾರ್ಕಿಂಗ್ ಹರಡಿದರು. ಆಮೇಲೆ ಆ ತುಂಡನ್ನೇ ದೇಶದ ತುಂಬ ನಕಲು ಮಾಡಿದರು. 1978ರಲ್ಲಿ ಗ್ರೂಯೆನ್ ಬೇಸತ್ತು, ಇವು ನನ್ನ ಮಕ್ಕಳೇ ಅಲ್ಲ, ಇವಕ್ಕೆ ಜೀವನಾಂಶ ಕೊಡಲಾರೆ ಅನ್ನುವ ಅರ್ಥದಲ್ಲಿ ಕೈ ತೊಳೆದುಕೊಂಡರು. ಅಪ್ಪನೇ ಬೇಡ ಅಂದ ಕೂಸನ್ನು ನಾವು ಇನ್ನೂ ಎತ್ತಿಕೊಂಡು ತಿರುಗುತ್ತಿದ್ದೇವೆ.

ಪುಸ್ತಕದ ಮಾತು ಸಾಕು ಅನ್ನುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ನಾನು ಎಲ್ಲಿ ಹೋದರೂ ಇದನ್ನು ಮಾಡುತ್ತೇನೆ, ಜೊತೆಗೆ ಬಂದವರಿಗೆ ಸಿಟ್ಟೂ ಬರುತ್ತದೆ. ದೊಡ್ಡ ಕಟ್ಟಡ ಕಂಡರೆ ಒಳಗೆ ಹೋಗಬೇಡಿ. ಸುತ್ತ ಒಂದು ಸುತ್ತು ಹಾಕಿ, ಬಾಗಿಲು ಎಣಿಸಿ. ಮುಂಭಾಗ ಸೊಗಸಾಗಿಯೇ ಇರುತ್ತದೆ: ಗಾಜು, ಮೆಟ್ಟಿಲು, ಲೈಟು. ಮೂಲೆ ತಿರುಗಿದರೆ ಪಾರ್ಕಿಂಗಿಗೆ ಇಳಿಯುವ ದಾರಿ. ಅದರ ಪಕ್ಕ ಬಿಸಿಗಾಳಿ ಕಾರುವ ಜಾಲರಿ. ಹಿಂಭಾಗದಲ್ಲಿ ಲಾರಿ ಬರುವ ಗೇಟು, ಜನರೇಟರ್, ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುವ ವಾಚ್‌ಮನ್. ಉಳಿದದ್ದೆಲ್ಲ ಗೋಡೆ. ಆ ಗೋಡೆಯ ಎದುರಿಗಿರುವ ಅಂಗಡಿಗಳನ್ನು ನೋಡಿ. ಅವಕ್ಕೆ ಈ ಕಟ್ಟಡ ಬಂದದ್ದೂ ಒಂದೇ, ಕೋಟೆ ಬಂದದ್ದೂ ಒಂದೇ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಇದಕ್ಕೊಂದು ಅಳತೆಯನ್ನೇ ಕೊಟ್ಟಿದ್ದಾರೆ. ಜೀವಂತ ಬೀದಿ ಅಂದರೆ ನೂರು ಮೀಟರಿಗೆ 15ರಿಂದ 20 ಬಾಗಿಲು. ಹಿಂಭಾಗದಲ್ಲಿ ನೀವು ಎಷ್ಟು ಎಣಿಸಿದಿರಿ?

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ: 'ಸಾರ್, ಆದರೆ ಸೈಟಿನ ರೇಟು ಏರಿದೆಯಲ್ಲ!' ಹೌದು, ಏರಿದೆ. ಸೈಟು ಇದ್ದವರಿಗೆ, ಅದನ್ನು ಮಾರುವುದಾದರೆ, ಅದು ಸಿಹಿ ಸುದ್ದಿ. ಅದೇ ಬೀದಿಯಲ್ಲಿ ಬಾಡಿಗೆಗೆ ಅಂಗಡಿ ಇಟ್ಟವರಿಗೆ ಮುಂದಿನ ಅಗ್ರಿಮೆಂಟಿನಲ್ಲಿ ಅದೇ ರೇಟು ಬರೆ ಆಗುತ್ತದೆ. ರೇಟು ಏರುವುದು, ಏರಿಯಾ ಏಳುವುದು ಎರಡೂ ಬೇರೆ ಬೇರೆ. ಜ್ವರಮಾಪಕದಲ್ಲಿ ಪಾದರಸ ಏರಿತು ಅಂತ ರೋಗಿ ಎದ್ದು ಕೂರುತ್ತಾನಾ?

ಹಾಗಾದರೆ ಎಲ್ಲೂ ಕೆಲಸ ಮಾಡಿಲ್ಲವಾ? ಮಾಡಿದೆ. ಬಾಸ್ಟನ್‌ನ ಕ್ವಿನ್ಸಿ ಮಾರ್ಕೆಟ್ 1826ರ ಕಟ್ಟಡ. 1970ರ ಹೊತ್ತಿಗೆ ಸೊರಗಿ ಹೋಗಿತ್ತು. ಡೆವಲಪರ್ ಜೇಮ್ಸ್ ರೌಸ್ ಮತ್ತು ವಾಸ್ತುಶಿಲ್ಪಿ ಬೆಂಜಮಿನ್ ಥಾಂಪ್ಸನ್ ಅದನ್ನು ಕೆಡವದೆ ದುರಸ್ತಿ ಮಾಡಿ 1976ರಲ್ಲಿ ತೆರೆದರು. ಸಣ್ಣ ಸಣ್ಣ ಮಳಿಗೆ ಮಾಡಿದರು. ಮಳಿಗೆ ಹಿಡಿಯುವ ಶಕ್ತಿ ಇಲ್ಲದವರಿಗೆ ತಳ್ಳುಗಾಡಿ ಬಾಡಿಗೆಗೆ ಕೊಟ್ಟರು. ನನಗೆ ಕಟ್ಟಡಕ್ಕಿಂತ ಆ ತಳ್ಳುಗಾಡಿಯೇ ಇಷ್ಟ. ಜನ ಮುಗಿಬಿದ್ದರು. ಅದನ್ನು ನೋಡಿ ರೌಸ್ ಅವರ ಕಂಪನಿಯೇ 1980ರಲ್ಲಿ ಬಾಲ್ಟಿಮೋರ್ ಬಂದರಿನಲ್ಲಿ ಹಾರ್ಬರ್‌ಪ್ಲೇಸ್ ಕಟ್ಟಿತು. ಅಲ್ಲೂ ಮೊದಲು ಜನವೋ ಜನ. ಆಮೇಲೆ ಸೊರಗಿ, 2019ರಲ್ಲಿ ಅದು ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋಯಿತು. ಕಟ್ಟುವುದು ಒಂದು ಸಲದ ಕೆಲಸ, ನಡೆಸುವುದು ಪ್ರತಿದಿನದ್ದು.

ನಡೆಸುವುದು ಅಂದರೆ ಹೇಗೆ ಅಂತ ನೋಡಬೇಕಾದರೆ ಸಿಯಾಟಲ್‌ನ ಪೈಕ್ ಪ್ಲೇಸ್ ಮಾರ್ಕೆಟ್ ನೋಡಿ. 1907ರದ್ದು. ಕೆಡವಿ ಹೊಸದು ಕಟ್ಟುವ ಯೋಜನೆ ಬಂದಾಗ, 1971ರಲ್ಲಿ ಊರಿನವರು ವೋಟು ಹಾಕಿ ಉಳಿಸಿಕೊಂಡರು. ಈಗ ಅದನ್ನು ನಡೆಸುವುದು ಸಾರ್ವಜನಿಕ ಸಂಸ್ಥೆ. ಹೊರಗಿನ ಚೈನ್ ಅಂಗಡಿಗಳಿಗೆ ಒಳಗೆ ಜಾಗವಿಲ್ಲ. ಮೇಲಿನ ಮಹಡಿಗಳಲ್ಲಿ ಕಡಿಮೆ ಆದಾಯದ ನೂರಾರು ಜನ ವಾಸವಿದ್ದಾರೆ. ಆರೋಗ್ಯ ಕೇಂದ್ರವಿದೆ, ಮಕ್ಕಳ ಶಾಲೆಯಿದೆ. ಗ್ರೂಯೆನ್ ಅವರ ಕಾಗದದಲ್ಲೇ ಉಳಿದದ್ದು ಇದೇ ತಾನೇ?

ದುಡ್ಡಿರುವ ಡೆವಲಪರ್ ಇಲ್ಲದೆಯೂ ಆಗುತ್ತದೆ. ಟೊರೊಂಟೊದ ಬ್ಲೂರ್ ವೆಸ್ಟ್ ವಿಲೇಜ್‌ನಲ್ಲಿ ರಸ್ತೆಯ ಟ್ರಾಮ್ ಹೋಗಿ, ನೆಲದಡಿಯ ರೈಲು ಬಂತು. ಗಿರಾಕಿಗಳು ಅಂಗಡಿಯ ಮುಂದೆ ಹಾಯುವ ಬದಲು ಕಾಲಡಿಯಲ್ಲಿ ಹಾದು ಹೋಗತೊಡಗಿದರು. ಆಗ ಅಲ್ಲಿನ ವರ್ತಕರು, ಎಲ್ಲರೂ ಕಡ್ಡಾಯವಾಗಿ ಸ್ವಲ್ಪ ಸ್ವಲ್ಪ ಹಣ ಹಾಕುವಂತೆ ಕಾನೂನೇ ತರಿಸಿಕೊಂಡರು. ಆ ಹಣದಿಂದ ದೀಪ, ಬೆಂಚು, ಗಿಡದ ಕುಂಡ. 1970ರ ಆ ಏರ್ಪಾಡು ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತಿದೆ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. 'ಅರ್ಧ ಅಂಗಡಿಗಳು ಮುಚ್ಚಿವೆ' ಅಂದಿರಲ್ಲ, ಅವುಗಳ ಮಾಲೀಕರು ಬಾಡಿಗೆ ಇಳಿಸಿ ಯಾರಿಗಾದರೂ ಯಾಕೆ ಕೊಡುವುದಿಲ್ಲ? ದುರಾಸೆ ಅಂತ ಬೈಯುವುದು ಸುಲಭ. ಲೆಕ್ಕ ನೋಡಿ.

ಕಮರ್ಷಿಯಲ್ ಕಟ್ಟಡದ ಬೆಲೆ ಕಟ್ಟುವುದು ಅದರ ಬಾಡಿಗೆಯ ಮೇಲೆ. ಖರ್ಚು ಕಳೆದು ವರ್ಷಕ್ಕೆ 100 ಬರುತ್ತದೆ, ಕೊಳ್ಳುವವರು ತಮ್ಮ ದುಡ್ಡಿಗೆ ಶೇಕಡಾ 8 ಹುಟ್ಟುವಳಿ ನಿರೀಕ್ಷಿಸುತ್ತಾರೆ ಅಂದುಕೊಳ್ಳಿ. ಕಟ್ಟಡದ ಬೆಲೆ 1250, ಯಾಕೆಂದರೆ 1250ರ ಶೇಕಡಾ 8 ಅಂದರೆ 100. ಅದರ ಮೇಲೆ ಬ್ಯಾಂಕಿನ ಸಾಲ 800. ಬೆಲೆಯ ಶೇಕಡಾ 64, ಎಲ್ಲರೂ ನೆಮ್ಮದಿ. ಈಗ ಬಾಡಿಗೆ ಇಳಿಸಿ ವರಮಾನ 80ಕ್ಕೆ ಬಂತು ಅನ್ನಿ. ಬೆಲೆ 1000ಕ್ಕೆ ಕುಸಿಯಿತು. ಸಾಲ ಶೇಕಡಾ 80 ಆಯಿತು. ಒಂದು ಇಟ್ಟಿಗೆಯೂ ಅಲುಗಾಡಿಲ್ಲ, ಆದರೂ ಬ್ಯಾಂಕಿನಿಂದ ಫೋನ್ ಬರುತ್ತದೆ. ಮಳಿಗೆ ಖಾಲಿ ಇದ್ದರೆ? 'ಸದ್ಯಕ್ಕೆ ಖಾಲಿ, ಮುಂದೆ ಹಳೇ ರೇಟಿಗೇ ಹೋಗುತ್ತದೆ' ಅಂತ ಹೇಳಿಕೊಂಡು ಸ್ವಲ್ಪ ದಿನ ತಳ್ಳಬಹುದು. ಅದಕ್ಕೇ ಷಟರ್ ಮೇಲೆ 'ಬಾಡಿಗೆಗೆ ಇದೆ' ಬೋರ್ಡು ಬಣ್ಣ ಮಾಸುವ ತನಕ ನೇತಾಡುತ್ತದೆ.

ಇದಕ್ಕೆ ಒಂದು ಚೆಂದದ ಉಪಾಯವನ್ನು ಆಸ್ಟ್ರೇಲಿಯಾದ ನ್ಯೂಕಾಸಲ್‌ನಲ್ಲಿ ಮಾರ್ಕಸ್ ವೆಸ್ಟ್‌ಬರಿ 2008ರಲ್ಲಿ ಮಾಡಿದರು. ಊರಿನ ನಡುವೆ ಸಾಲು ಸಾಲು ಅಂಗಡಿಗಳು ಖಾಲಿ ಬಿದ್ದಿದ್ದವು. ರಿನ್ಯೂ ನ್ಯೂಕಾಸಲ್ ಅನ್ನುವ ಸಂಸ್ಥೆ ಕಟ್ಟಿ, ಮಾಲೀಕರಿಂದ ಆ ಮಳಿಗೆಗಳನ್ನು ಎರವಲು ಪಡೆದು ಕುಶಲಕರ್ಮಿಗಳಿಗೆ, ಕಲಾವಿದರಿಗೆ ಕೊಟ್ಟರು. ಲೀಸ್ ಇಲ್ಲ, ಬರೀ 30 ದಿನದ ಲೈಸೆನ್ಸ್, ಅಂದರೆ ಜಾಗ ಬಳಸಲು ಅನುಮತಿ ಅಷ್ಟೇ, ತಿಂಗಳು ತಿಂಗಳು ಮುಂದುವರಿಸುವುದು. ಲೀಸೇ ಇಲ್ಲದ ಮೇಲೆ ಬಾಡಿಗೆ ಇಳಿಸಿದ ಹಾಗೂ ಅಲ್ಲ, ಕಟ್ಟಡದ ಬೆಲೆ ಕಾಗದದಲ್ಲಿ ಕೆಡುವುದೂ ಇಲ್ಲ. ಪೂರ್ತಿ ಬಾಡಿಗೆ ಕೊಡುವವರು ಸಿಕ್ಕರೆ ಮಾಲೀಕರು ಜಾಗ ವಾಪಸ್ ತೆಗೆದುಕೊಳ್ಳಬಹುದಿತ್ತು. ಅಷ್ಟರವರೆಗೆ ಷಟರ್ ಮೇಲೆದ್ದಿರುತ್ತಿತ್ತು, ಒಳಗೆ ಲೈಟು ಇರುತ್ತಿತ್ತು, ಬಾಗಿಲು ಎಣಿಸುವವರಿಗೆ ಒಂದು ಬಾಗಿಲು ಜಾಸ್ತಿ ಸಿಗುತ್ತಿತ್ತು.

ಪ್ರಶ್ನೆ ಕೇಳಿದವರು ಒಂದು ಕೆಲಸ ಮಾಡಿ. ಆ ಕಾಂಪ್ಲೆಕ್ಸಿನ ನಕ್ಷೆ ಎಲ್ಲಾದರೂ ಸಿಕ್ಕರೆ ಕಳಿಸಿ, ನೋಡಿ ಹೇಳುತ್ತೇನೆ. ನೆಲಮಹಡಿಯದ್ದು ಮಾತ್ರ ಸಾಕು, ಮೇಲಿನದ್ದು ಬೇಡ. ಹಿಂಭಾಗದ ಗೋಡೆಯೂ ಕಾಣುವ ಹಾಗಿರಲಿ.