ಅಂಟು ಹಚ್ಚಿದ ಮೊದಲ ಹಾಳೆ

ಊರಿನ ಶಾಲೆಗೆ ಹೊಸ ಕಟ್ಟಡ. ಉದ್ಘಾಟನೆಯ ಆಹ್ವಾನ ಪತ್ರಿಕೆಯಲ್ಲಿ ಶಾಸಕರ ಹೆಸರು ಬಿಟ್ಟುಹೋಗಿದೆ, ಇಲ್ಲವೇ ಇರಬೇಕಾದ ಜಾಗದಿಂದ ಒಂದು ಸಾಲು ಕೆಳಗೆ ಇಳಿದಿದೆ. ಮಾರನೇ ದಿನ ಪೇಪರಿನಲ್ಲಿ ಸುದ್ದಿ: 'ಪ್ರೋಟೊಕಾಲ್ ಉಲ್ಲಂಘನೆ'. ನಮ್ಮಲ್ಲಿ ಪ್ರೋಟೊಕಾಲ್ ಅಂದರೆ ಮೊದಲು ನೆನಪಾಗುವುದು ಇದೇ ಅಲ್ವಾ? ಯಾರು ದೀಪ ಹಚ್ಚಬೇಕು, ಯಾರ ಕುರ್ಚಿ ನಡುವೆ ಇರಬೇಕು, ಯಾರಿಗೆ ಮೊದಲು ಹಾರ. ಕೊರೋನಾ ಬಂದಾಗ ಅದೇ ಪದ ಆಸ್ಪತ್ರೆಗೂ ಹೋಯಿತು. ವೆಬ್ ವಿಳಾಸದ ಮೊದಲಲ್ಲಿ ಬರುವ ಎಚ್‌ಟಿಟಿಪಿ ಅನ್ನುವುದರ ಕೊನೆಯ 'ಪಿ' ಕೂಡ ಪ್ರೋಟೊಕಾಲೇ.

ಆದರೆ 'ಮಾಂಟ್ರಿಯಲ್ ಪ್ರೋಟೊಕಾಲ್' ಅಂತ ಓದಿದಾಗ ಈ ಅರ್ಥಗಳು ಯಾವುವೂ ಕೆಲಸಕ್ಕೆ ಬರುವುದಿಲ್ಲ. ನಿಘಂಟು ತೆಗೆದು 'ಶಿಷ್ಟಾಚಾರ' ಅಂತ ಬರೆದುಬಿಟ್ಟರೆ, ಮಾಂಟ್ರಿಯಲ್‌ನಲ್ಲಿ ಯಾರೋ ಯಾರಿಗೋ ಸರಿಯಾಗಿ ನಮಸ್ಕಾರ ಹೇಳಲಿಲ್ಲವೇನೋ ಅನ್ನಿಸುತ್ತದೆ. ಅದು ಓಝೋನ್ ಪದರ ಉಳಿಸಲು ದೇಶ ದೇಶಗಳು ಮಾಡಿಕೊಂಡ ಒಪ್ಪಂದ. ನಮ್ಮ ಮನೆಯ ಫ್ರಿಜ್ಜಿನೊಳಗಿನ ಗ್ಯಾಸ್ ಯಾವುದು ಅನ್ನುವುದನ್ನೂ ಅದೇ ತೀರ್ಮಾನಿಸಿದೆ.

ಪದದ ಬೇರು ಗ್ರೀಕಿನಲ್ಲಿದೆ. 'ಪ್ರೋಟೋಸ್' ಅಂದರೆ ಮೊದಲನೆಯದು. 'ಕೋಲ್ಲ' ಅಂದರೆ ಅಂಟು. ಆಗ ಬರೆಯುತ್ತಿದ್ದದ್ದು ಪಪೈರಸ್ ಮೇಲೆ. ನೈಲ್ ನದಿಯ ಜೊಂಡಿನ ತಿರುಳನ್ನು ಸೀಳಿ, ಅಡ್ಡಕ್ಕೂ ಉದ್ದಕ್ಕೂ ಹಾಸಿ, ಒತ್ತಿ ಹಾಳೆ ಮಾಡುತ್ತಿದ್ದರು. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಕಟ್ಟುತ್ತಿದ್ದರು. ನುಣ್ಣನೆಯ ಹಿಟ್ಟು, ಕುದಿಯುವ ನೀರು, ಮೇಲೆ ನಾಲ್ಕು ಹನಿ ವಿನೆಗರ್: ಇದು ಆ ಅಂಟಿನ ಪಾಕ ಎಂದು ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಗಾಳಿಪಟಕ್ಕೆ ಮೈದಾ ಗೋಂದು ಕಾಯಿಸಿದವರಿಗೆ ಇದೇನೂ ಹೊಸದಲ್ಲ. ಸುರುಳಿಗೆ ಅಂಟಿಸಿದ ಮೊಟ್ಟಮೊದಲ ಹಾಳೆಯೇ ಪ್ರೋಟೊಕಾಲ್. ಅದರ ಮೇಲೆ ಅಧಿಕಾರಿಯ ಹೆಸರು, ಕಾಲದ ಗುರುತು ಇರುತ್ತಿತ್ತು. ನಮ್ಮ ಛಾಪಾ ಕಾಗದದ ಅಜ್ಜಿ ಅನ್ನಬಹುದು. ಖೋಟಾ ಪತ್ರ ತಡೆಯಲು, ಈ ಹಾಳೆಯನ್ನು ಕತ್ತರಿಸಿ ತೆಗೆಯಬಾರದು ಎಂದು ಚಕ್ರವರ್ತಿ ಜಸ್ಟಿನಿಯನ್ 6ನೇ ಶತಮಾನದಲ್ಲಿ ಕಾನೂನನ್ನೇ ಮಾಡಿದ.

ಅದೇ 'ಕೋಲ್ಲ' ನಮ್ಮ ಮೈಯೊಳಗೂ ಇದೆ. ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಅಂದರೆ 'ಅಂಟು ಹುಟ್ಟಿಸುವುದು' ಎಂದರ್ಥ. ಮೂಳೆ, ತೊಗಲು ಬೇಯಿಸಿ ಗೋಂದು ತೆಗೆಯುತ್ತಿದ್ದರಲ್ಲ, ಅದರಿಂದ ಬಂದ ಹೆಸರು. ಕೊಲಾಯ್ಡ್ ಅನ್ನುವ ರಸಾಯನಶಾಸ್ತ್ರದ ಪದಕ್ಕೂ ಇದೇ ಬೇರು.

ಅಲ್ಲಿಂದ ಪದ ಮೆಲ್ಲಗೆ ಜರುಗಿತು. ಮೊದಲ ಹಾಳೆ ಹೋಗಿ ಮೂಲ ದಾಖಲೆ ಆಯಿತು. ಮೂಲ ದಾಖಲೆ ಹೋಗಿ, ರಾಯಭಾರಿಗಳ ಮಾತುಕತೆಯ ಸಹಿ ಮಾಡಿದ ವರದಿ ಆಯಿತು. ಆಮೇಲೆ ಆ ವರದಿಯೇ ಒಪ್ಪಂದ ಅನ್ನಿಸಿಕೊಂಡಿತು. ರಾಯಭಾರಿಗಳು ನಡೆದುಕೊಳ್ಳಬೇಕಾದ ರೀತಿಗೂ ಫ್ರೆಂಚರು ಅದೇ ಪದ ಹಾಕಿದರು. ನಮ್ಮ ಶಾಸಕರ ಕುರ್ಚಿ ಆ ಕವಲಿನಿಂದ ಬಂದದ್ದು.

ಇಂಗ್ಲಿಷಿನಲ್ಲಿ ಇಂಥ ಒಪ್ಪಂದಗಳಿಗೆ ಹೆಸರು ಒಂದಲ್ಲ. ಟ್ರೀಟಿ, ಕನ್ವೆನ್ಷನ್, ಪ್ಯಾಕ್ಟ್, ಕವನೆಂಟ್, ಅಗ್ರಿಮೆಂಟ್, ಚಾರ್ಟರ್, ಪ್ರೋಟೊಕಾಲ್. ಕನ್ವೆನ್ಷನ್ ಅಂದರೆ ಮೂಲದಲ್ಲಿ 'ಕೂಡಿ ಬರುವುದು'. ಬೆಂಗಳೂರಿನ ಕಲ್ಯಾಣ ಮಂಟಪಗಳೆಲ್ಲ ಈಚೆಗೆ ಕನ್ವೆನ್ಷನ್ ಹಾಲ್ ಆಗಿವೆ. ಅಲ್ಲೂ ಎರಡು ಕಡೆಯವರು ಕೂಡಿ ಬರುತ್ತಾರೆ, ಒಪ್ಪಂದವೂ ಆಗುತ್ತದೆ, ಹಾಗಾಗಿ ತಪ್ಪೇನಿಲ್ಲ. ಆದರೆ 'ವಿಯೆನ್ನಾ ಕನ್ವೆನ್ಷನ್' ಅನ್ನು 'ವಿಯೆನ್ನಾ ಸಮಾವೇಶ' ಅಂತ ಅನುವಾದ ಮಾಡಿದರೆ ಮಾತ್ರ ತಪ್ಪು. ಸಮಾವೇಶ ಸಂಜೆಗೆ ಮುಗಿಯುತ್ತದೆ. ಒಡಂಬಡಿಕೆ ಉಳಿಯುತ್ತದೆ.

ನಮ್ಮಲ್ಲೇನು ಪದಗಳು ಕಡಿಮೆಯೇ? ಒಪ್ಪಂದ, ಒಡಂಬಡಿಕೆ, ಕರಾರು, ಸಂಧಿ. ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ 1784ರಲ್ಲಿ ಆದದ್ದು ಮಂಗಳೂರು ಒಪ್ಪಂದ. 1792ರದ್ದು ಶ್ರೀರಂಗಪಟ್ಟಣ ಒಪ್ಪಂದ. ಇಂಗ್ಲಿಷಿನಲ್ಲಿ ಎರಡೂ ಟ್ರೀಟಿಗಳೇ. ನನಗೆ ಜಾಸ್ತಿ ಇಷ್ಟ ಸಂಧಿ. ಶಾಲೆಯಲ್ಲಿ ಲೋಪ, ಆಗಮ, ಆದೇಶ ಅಂತ ಉರು ಹೊಡೆದೆವಲ್ಲ, ಅದೇ ಸಂಧಿ. ಎರಡು ಅಕ್ಷರ ಕೂಡಿಕೊಂಡರೂ ಸಂಧಿ, ಎರಡು ರಾಜ್ಯ ಕೂಡಿಕೊಂಡರೂ ಸಂಧಿ. ಗ್ರೀಕರ ಅಂಟಿನಿಂದ ತುಂಬ ದೂರದ ಕಲ್ಪನೆಯಲ್ಲ.

ಕಾನೂನಿನ ಕಣ್ಣಿಗೆ ಈ ಹೆಸರುಗಳಲ್ಲಿ ಮೇಲು ಕೀಳು ಇಲ್ಲ. ಒಪ್ಪಂದಗಳನ್ನು ಮಾಡುವುದು ಹೇಗೆ, ಮುರಿದರೆ ಏನು ಅಂತ ಹೇಳಲೆಂದೇ ಒಂದು ಒಪ್ಪಂದವಿದೆ, 1969ರ ವಿಯೆನ್ನಾ ಒಡಂಬಡಿಕೆ. ದೇಶಗಳು ಬರಹದಲ್ಲಿ ಮಾಡಿಕೊಂಡ, ಅಂತರರಾಷ್ಟ್ರೀಯ ಕಾನೂನಿಗೆ ಒಳಪಟ್ಟ ಒಪ್ಪಂದಕ್ಕೆ ಏನೇ ಹೆಸರಿಟ್ಟರೂ ಅದು ಟ್ರೀಟಿಯೇ ಎನ್ನುತ್ತದೆ ಅದು. (ಭಾರತ ಅದಕ್ಕೆ ಇನ್ನೂ ಸೇರಿಲ್ಲ.) ಹಾಗಿದ್ದರೆ ಪ್ರೋಟೊಕಾಲ್ ಅಂತ ಬೇರೆ ಹೆಸರು ಯಾಕೆ? ರೂಢಿಯಲ್ಲಿ ಅದು ಒಬ್ಬಂಟಿಯಲ್ಲ. ಮೊದಲೇ ಇರುವ ದೊಡ್ಡ ಒಡಂಬಡಿಕೆಗೆ ಆಮೇಲೆ ತಂದು ಜೋಡಿಸುವ ಹಾಳೆಗೆ ಸಾಮಾನ್ಯವಾಗಿ ಪ್ರೋಟೊಕಾಲ್ ಅನ್ನುತ್ತಾರೆ. ಮೊದಲ ಹಾಳೆ ಅಂತ ಹುಟ್ಟಿದ ಪದ ಈಗ ಹಿಂದಿನಿಂದ ಅಂಟಿಸುವ ಹಾಳೆಗೆ ಹೆಸರಾಗಿದೆ. ಅಂಟು ಮಾತ್ರ ಬಿಟ್ಟಿಲ್ಲ.

ಈ ಅಂಟು ಎಷ್ಟು ಗಟ್ಟಿ ಅನ್ನುವುದಕ್ಕೆ ಓಝೋನ್ ಕಥೆ ಬೇಕು.

ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಮೇಲೆ ಓಝೋನ್ ಅನ್ನುವ ಗ್ಯಾಸ್ ಹರಡಿಕೊಂಡಿದೆ. ಅದಷ್ಟನ್ನೂ ಕೆಳಗಿಳಿಸಿ ಸಮುದ್ರಮಟ್ಟದ ಒತ್ತಡದಲ್ಲಿ ಹಾಸಿದರೆ 3 ಮಿಲಿಮೀಟರ್ ದಪ್ಪ ಬರುತ್ತದೆ, ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಸೂರ್ಯನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವುದು ಇಷ್ಟೇ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಒಂದು ಲೆಕ್ಕ ಮಂಡಿಸಿದರು. ಫ್ರಿಜ್ಜಿನಲ್ಲೂ ಸ್ಪ್ರೇ ಡಬ್ಬಿಯಲ್ಲೂ ಇದ್ದ ಸಿಎಫ್‌ಸಿ (ಕ್ಲೋರಿನ್, ಫ್ಲೋರಿನ್, ಇಂಗಾಲ ಸೇರಿದ) ಗ್ಯಾಸುಗಳು ಕೆಳಗೆ ಯಾವುದರ ಜೊತೆಗೂ ಬೆರೆಯುವುದಿಲ್ಲ, ಕೊಳೆಯುವುದಿಲ್ಲ. ಸುಮ್ನೆ ಮೇಲೇರುತ್ತಾ ಹೋಗುತ್ತವೆ. ಅಲ್ಲಿ ಬಿಸಿಲಿಗೆ ಒಡೆದು ಕ್ಲೋರಿನ್ ಬಿಡುತ್ತವೆ. ಒಂದು ಕ್ಲೋರಿನ್ ಪರಮಾಣು ತಾನು ಕರಗದೆ ಓಝೋನಿನ ಸಾವಿರಾರು ಅಣುಗಳನ್ನು ಮುರಿಯಬಲ್ಲದು. 1995ರಲ್ಲಿ ಇಬ್ಬರಿಗೂ, ಪೌಲ್ ಕ್ರುಟ್ಸನ್ ಜೊತೆ, ನೊಬೆಲ್ ಬಂತು. 1974ರಲ್ಲಿ ಬಂದದ್ದು ಉದ್ಯಮದವರ ಬೈಗುಳ.

ಮರು ವರ್ಷವೇ ಇನ್ನೊಂದು ಸುದ್ದಿ. ಇದೇ ಗ್ಯಾಸುಗಳು ಭೂಮಿಯನ್ನು ಬಿಸಿಯೂ ಮಾಡುತ್ತವೆ, ಒಂದು ಅಣುವಿಗೆ ಒಂದು ಅಣು ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಜಾಸ್ತಿ, ಎಂದು 1975ರಲ್ಲಿ ತೋರಿಸಿದವರು ವೀರಭದ್ರನ್ ರಾಮನಾಥನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅದಕ್ಕೂ ಮೊದಲು ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ಅಲ್ಲಿ ಅವರ ಕೆಲಸ, ಗ್ಯಾಸ್ ಸೋರುವುದು ಯಾಕೆ ಅಂತ ಹುಡುಕುವುದು. ಸೋರಿದ ಗ್ಯಾಸ್ ಎಲ್ಲಿಗೆ ಹೋಯಿತು ಅನ್ನುವುದನ್ನೂ ಕೊನೆಗೆ ಅವರೇ ಹೇಳಿದರು.

ಇಷ್ಟಾದರೂ ದೇಶಗಳು ಒಮ್ಮೆಲೇ ನಿಷೇಧಕ್ಕೆ ಒಪ್ಪಲಿಲ್ಲ. 1985ರ ಮಾರ್ಚ್‌ನಲ್ಲಿ ಓಝೋನ್ ರಕ್ಷಣೆಗೆ ವಿಯೆನ್ನಾ ಕನ್ವೆನ್ಷನ್ ಆಯಿತು. (ಅದೇ ಊರು, ಬೇರೆ ಒಡಂಬಡಿಕೆ.) ಅದರಲ್ಲಿ ಇಂತಿಷ್ಟು ಕಡಿಮೆ ಮಾಡಿ ಅನ್ನುವ ಲೆಕ್ಕವೇ ಇರಲಿಲ್ಲ. ಒಟ್ಟಿಗೆ ಸಂಶೋಧನೆ ಮಾಡೋಣ, ಮಾಹಿತಿ ಹಂಚಿಕೊಳ್ಳೋಣ, ಬೇಕಾದರೆ ಮುಂದೆ ಪ್ರೋಟೊಕಾಲ್ ಸೇರಿಸೋಣ, ಅಷ್ಟೇ. ಮದುವೆಗೆ ಮೊದಲು ಎಲೆ ಅಡಿಕೆ ಬದಲಾಯಿಸಿಕೊಂಡ ಹಾಗೆ. ಎರಡೇ ತಿಂಗಳಿಗೆ ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯಿಂದ ಬ್ರಿಟಿಷ್ ವಿಜ್ಞಾನಿಗಳ ವರದಿ ಪ್ರಕಟವಾಯಿತು. ಅಲ್ಲಿ ವಸಂತದ ಓಝೋನ್ ಸುಮಾರು ಮೂರನೇ ಒಂದು ಭಾಗ ಮಾಯವಾಗಿತ್ತು.

ಖಾಲಿ ಬಿಟ್ಟಿದ್ದ ಜಾಗಕ್ಕೆ 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಹಾಳೆ ಬಂದು ಅಂಟಿತು. ಅದರ ಪಟ್ಟಿಯಲ್ಲಿ ಐದು ಸಿಎಫ್‌ಸಿಗಳು, ಬೆಂಕಿ ಆರಿಸಲು ಬಳಸುತ್ತಿದ್ದ ಮೂರು ಹ್ಯಾಲಾನ್ ಗ್ಯಾಸುಗಳು. ಸಿಎಫ್‌ಸಿ ಬಳಕೆ ಶತಮಾನದ ಕೊನೆಯ ಹೊತ್ತಿಗೆ ಅರ್ಧಕ್ಕೆ ಇಳಿಯಬೇಕು. ಆ ದಿನಕ್ಕೆ ಕ್ಲೋರಿನ್ನೇ ಕಳ್ಳ ಅನ್ನುವ ಗಟ್ಟಿ ಸಾಕ್ಷಿ ಇನ್ನೂ ಹೊರಬಂದಿರಲಿಲ್ಲ. ಚಿಲಿಯಿಂದ ಹಾರಿದ ನಾಸಾ ವಿಮಾನಗಳು ಅದನ್ನು ಅಳೆಯುತ್ತಿದ್ದವು. ಫಲಿತಾಂಶ ಹೊರಗೆ ಬಂದದ್ದು ಸಹಿ ಬಿದ್ದ ಎರಡು ವಾರಕ್ಕೆ.

ಅರ್ಧಕ್ಕೆ ಇಳಿಸಿದರೆ ಸಾಲದು ಅಂತ ಬೇಗ ಗೊತ್ತಾಯಿತು. ಆಗ ಕಂಡದ್ದು ಈ ಹಾಳೆಯ ಜಾಣತನ. ನಾಲ್ಕು ವರ್ಷಕ್ಕೊಮ್ಮೆಯಾದರೂ ವಿಜ್ಞಾನಿಗಳು ಪರಿಸ್ಥಿತಿ ಪರಿಶೀಲಿಸಬೇಕು ಅಂತ ಅದರಲ್ಲೇ ಬರೆದಿತ್ತು. ಪಟ್ಟಿಯಲ್ಲಿ ಈಗಾಗಲೇ ಇರುವ ರಾಸಾಯನಿಕದ ಗಡುವನ್ನು ಬಿಗಿ ಮಾಡುವುದಾದರೆ ಸಭೆಯಲ್ಲಿ ತೀರ್ಮಾನಿಸಿದರೆ ಸಾಕು. ಪ್ರತಿ ದೇಶದ ಸಂಸತ್ತಿಗೂ ಹೊಸದಾಗಿ ಅಲೆಯಬೇಕಿಲ್ಲ, ಎಲ್ಲರಿಗೂ ಅನ್ವಯ. ಹೊಸ ರಾಸಾಯನಿಕ ಸೇರಿಸುವುದಾದರೆ ಮಾತ್ರ ತಿದ್ದುಪಡಿ, ಅದಕ್ಕೆ ದೇಶಗಳ ಅನುಮೋದನೆ. 1990ರಲ್ಲಿ ಲಂಡನ್ನಿನಲ್ಲಿ ಸಿಎಫ್‌ಸಿ ಪೂರ್ತಿ ನಿಲ್ಲಿಸಲು 2000ದ ಗಡುವು ಬಿತ್ತು. 1992ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳಿಗೆ ಅದು 1996ಕ್ಕೆ ಬಂತು.

ಭಾರತ ಮತ್ತು ಚೀನಾ ಶುರುವಿನಲ್ಲಿ ದೂರವೇ ನಿಂತಿದ್ದವು. ನೀವು ಹಾಳು ಮಾಡಿದ್ದಕ್ಕೆ ನಾವು ದುಬಾರಿ ಫ್ರಿಜ್ ಕೊಳ್ಳಬೇಕೇ ಅನ್ನುವುದು ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಲಂಡನ್ನಿನಲ್ಲಿ ಬಡ ದೇಶಗಳಿಗಾಗಿ ನಿಧಿಯೊಂದು ಹುಟ್ಟಿದ ಮೇಲೆ, 1992ರಲ್ಲಿ ಭಾರತ ಸೇರಿತು. ಸೇರದ ದೇಶಗಳ ಜೊತೆ ಈ ವಸ್ತುಗಳ ವ್ಯಾಪಾರಕ್ಕೆ ತಡೆಯಿತ್ತು, ಅದೂ ಒಂದು ಒತ್ತಡ. ಈಗ 197 ದೇಶಗಳೂ ಐರೋಪ್ಯ ಒಕ್ಕೂಟವೂ ಇದರಲ್ಲಿವೆ. ಹೊರಗೆ ಉಳಿದವರೇ ಇಲ್ಲ.

ಕದ್ದು ಮಾಡಿದವರು ಇಲ್ಲದಿಲ್ಲ. 2018ರಲ್ಲಿ ಗಾಳಿಯ ಅಳತೆಯಲ್ಲಿ ಸಿಎಫ್‌ಸಿ-11 ಅಂದುಕೊಂಡಷ್ಟು ವೇಗವಾಗಿ ಇಳಿಯುತ್ತಿಲ್ಲ ಅಂತ ಕಂಡಿತು. ಹೊಸದಾಗಿ ಸೇರಿದ್ದರಲ್ಲಿ ದೊಡ್ಡದೊಂದು ಪಾಲು ಪೂರ್ವ ಚೀನಾದ ಕಡೆಯಿಂದ ಎಂದು ಮರುವರ್ಷ ಪತ್ತೆಯಾಯಿತು. ಆಮೇಲೆ ಅದು ಮತ್ತೆ ಇಳಿಯಿತು. ಅಂಟಾರ್ಕ್ಟಿಕಾದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದು ಅನ್ನುವುದು ವಿಜ್ಞಾನಿಗಳ ಈಚಿನ ಅಂದಾಜು.

ಪ್ರೋಟೊಕಾಲ್ ಅನ್ನುವ ಪದದಲ್ಲೇ ಏನೋ ಮಂತ್ರವಿದೆ ಅಂದುಕೊಳ್ಳಬೇಡಿ. ಹವಾಮಾನಕ್ಕೂ ಇದೇ ದಾರಿ ಹಿಡಿದರು. 1992ರಲ್ಲಿ ಕನ್ವೆನ್ಷನ್, 1997ರಲ್ಲಿ ಕ್ಯೋಟೊ ಪ್ರೋಟೊಕಾಲ್. ಅಮೆರಿಕ ಸಹಿ ಹಾಕಿತು, ಅನುಮೋದಿಸಲೇ ಇಲ್ಲ. ಕೆನಡಾ ಸೇರಿ ಹೊರಗೆ ಹೋಯಿತು. ಗ್ಯಾಸ್ ಬದಲಿಸಿದರೆ ಫ್ರಿಜ್ ಓಡುತ್ತದೆ. ಕಲ್ಲಿದ್ದಲು, ಪೆಟ್ರೋಲು ಬದಲಿಸುವುದು ಅಂದರೆ ಇಡೀ ಸಂಸಾರವನ್ನೇ ಬೇರೆ ಮನೆಗೆ ಸಾಗಿಸಿದ ಹಾಗೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಅಗ್ರಿಮೆಂಟ್ ಆಯಿತು. ಅಲ್ಲಿ ಕೊನೆಯ ದಿನ ಒಂದೇ ಪದಕ್ಕೆ ಎಲ್ಲ ನಿಂತುಹೋಗಿತ್ತು. ಶ್ರೀಮಂತ ದೇಶಗಳು ಇಂಥದ್ದು 'ಮಾಡತಕ್ಕದ್ದು' ಅನ್ನುವಂತಿದ್ದ ಇಂಗ್ಲಿಷ್ ಕ್ರಿಯಾಪದಕ್ಕೆ ಅಮೆರಿಕ ಒಪ್ಪಲಿಲ್ಲ. ಅಚ್ಚಿನ ತಪ್ಪು ತಿದ್ದುವ ನೆಪದಲ್ಲಿ ಅದನ್ನು 'ಮಾಡಿದರೆ ಒಳ್ಳೆಯದು' ಅನ್ನುವಷ್ಟು ಮೆತ್ತಗೆ ಮಾಡಿದರು. ನಮ್ಮ ಸರ್ಕಾರಿ ಆದೇಶಗಳಲ್ಲಿ 'ತಕ್ಕದ್ದು' ಅನ್ನುವ ಪದ ನೋಡಿ ನಗುವವರು ಅದರ ತೂಕ ಎಷ್ಟು ಅಂತ ಇಲ್ಲಿ ನೋಡಬಹುದು.

ಮಾಂಟ್ರಿಯಲ್ ಹಾಳೆಗೆ ಈಚೆಗೆ ಅಂಟಿದ ತುಂಡು 2016ರ ಕಿಗಾಲಿ ತಿದ್ದುಪಡಿ. ಸಿಎಫ್‌ಸಿ ಬದಲು ಬಂದ ಎಚ್‌ಎಫ್‌ಸಿ ಗ್ಯಾಸುಗಳಿಗೆ ಓಝೋನ್ ಮುರಿಯಲು ಬರುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಈಗ ಅವುಗಳ ಸರದಿ. 2021ರಲ್ಲಿ ಭಾರತ ಇದನ್ನು ಅನುಮೋದಿಸಿತು. ನಮಗೆ 2028ರಿಂದ ಮಿತಿ, 2047ಕ್ಕೆ 85% ಕಡಿತ.

ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಫ್ರಿಜ್ ತಣ್ಣಗಾಗುವುದು ನಿಲ್ಲಿಸಿತು. ರಿಪೇರಿಗೆ ಬಂದ ಹುಡುಗ ಕೈ ಆಡಿಸಿ ನೋಡಿ, "ಗ್ಯಾಸ್ ಹೋಗಿದೆ ಸಾರ್" ಅಂದ. ಯಾವ ಗ್ಯಾಸು ಅಂತ ಕೇಳಿದೆ. "ಹಿಂದೆ ಚೀಟಿ ಅಂಟ್ಸಿರ್ತಾರೆ, ನೋಡಿ." ಧೂಳು ಒರೆಸಿದೆ. ಆರ್-134ಎ ಎಂದಿತ್ತು. ಎಚ್‌ಎಫ್‌ಸಿ. ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಜಾಸ್ತಿ ಬಿಸಿ ಮಾಡುವುದು. "ಹೊಸ ಫ್ರಿಜ್ ತಗೊಂಡ್ರೆ 600ಎ ಬರುತ್ತೆ ಸಾರ್" ಅಂದ ಅವನು, ಪೈಪು ಬಿಚ್ಚುತ್ತಾ. "ಸ್ವಲ್ಪ ಗ್ಯಾಸ್ ಸಾಕು. ಆದ್ರೆ ಬೆಂಕಿ ಹತ್ತುತ್ತೆ, ಹುಷಾರಾಗಿ ತುಂಬ್ಬೇಕು."